ಗುಡ್ಡ ಈ ದಂಡೆಗೆ, ಅಲೆ ಆ ದಂಡೆಗೆ



ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ನಮಗೆಲ್ಲ ಪರಿಚಿತ. ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳವನ್ನು ಕಲಘಟಗಿಯ ಹತ್ತಿರ ಕೂಡಿಕೊಂಡು, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಿಂದ ಅದು ಅರಬ್ಬೀ ಸಮುದ್ರ ಸೇರುತ್ತದೆ. ಆದ್ದರಿಂದ ಗಂಗಾವಳಿಯ ದಂಡೆಯಲ್ಲಿ ನಡೆದದ್ದು ನಮಗೆ ಯಾವುದೋ ದೂರದ ಸುದ್ದಿಯಲ್ಲ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಮಳೆಯಲ್ಲಿ ನೆನೆದಿದ್ದ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣಿನೊಡನೆ ನದಿಯ ಪಾಲಾದವು. ಸತ್ತವರು, ಕಾಣೆಯಾದವರು ಸೇರಿ 11 ಜನ. ಕೇರಳದ ಚಾಲಕರೊಬ್ಬರ ಲಾರಿ ನದಿಯೊಳಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು.

ಈ ದುರಂತದಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ನದಿಯ ಆಚೆ ದಂಡೆಯಲ್ಲಿ ಉಳುವರೆ ಎಂಬ ಊರಿದೆ. ಗುಡ್ಡ ಆ ಊರಿನ ಮೇಲೆ ಬೀಳಲಿಲ್ಲ. ಆದರೆ ನದಿಗೆ ಬಿದ್ದ ಮಣ್ಣು ನೀರನ್ನು ದೂಡಿತು, ಆ ನೀರು ಅಲೆಯಾಗಿ ಎದ್ದು ಉಳುವರೆಯ ಮನೆಗಳನ್ನು ಕೆಡವಿತು. ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ತಮ್ಮ ಮನೆಯ ಹಿಂದೆ ಗುಡ್ಡವಿಲ್ಲ ಎಂದು ನೆಮ್ಮದಿಯಿಂದಿದ್ದವರಿಗೆ ಅಪಾಯ ಎದುರಿನ ದಂಡೆಯಿಂದ ಬಂತು.

ಜಗತ್ತಿಗೆ ಇದು ಹೊಸದಲ್ಲ. 1963ರ ಅಕ್ಟೋಬರ್ 9ರಂದು ಇಟಲಿಯ ವಯೋಂಟ್ ಜಲಾಶಯಕ್ಕೆ ಗುಡ್ಡ ಜಾರಿತು. ಅಣೆಕಟ್ಟು ಒಡೆಯಲಿಲ್ಲ, ನೀರು ಅದನ್ನು ಹಾರಿ ಬಂದು ಕೆಳಗಿನ ಊರುಗಳ ಸುಮಾರು 2,000 ಜನರನ್ನು ಕೊಂದಿತು. 1998ರ ಜುಲೈ 17ರಂದು ಪಪುವಾ ನ್ಯೂಗಿನಿಯಲ್ಲಿ ಭೂಕಂಪದ ನಂತರ ಬಂದ ಅಲೆ 2,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಷ್ಟು ಸಾಧಾರಣ ಭೂಕಂಪಕ್ಕೆ ಅಷ್ಟು ಎತ್ತರದ ಅಲೆ ಏಕೆ ಎಂದು ಹುಡುಕಿದಾಗ, ಸಮುದ್ರದ ತಳದಲ್ಲೇ ಮಣ್ಣು ಜಾರಿದ್ದು ಕಂಡುಬಂತು. ಮಣ್ಣು ನೀರಿನ ಮೇಲಿನಿಂದ ಬೀಳಲಿ, ನೀರಿನೊಳಗೇ ಜಾರಲಿ, ತನ್ನ ದಾರಿಯ ನೀರನ್ನು ಅದು ದೂಡಲೇಬೇಕು.

ಇಂಥ ಅಲೆ ಎಷ್ಟು ಎತ್ತರ ಏಳುತ್ತದೆ ಎಂದು ಮೊದಲೇ ತಿಳಿಯಬಹುದೆ? ತಿಳಿಯಲು ಒಂದು ಗಣಿತದ ಮಾರ್ಗವಿದೆ. ಹನಿ ಹನಿ ಗೂಡಿದರೆ ಹಳ್ಳ ಎಂದು ಕನ್ನಡದಲ್ಲಿ ಹೇಳುತ್ತೇವೆ, ಕತ್ರಾ ಕತ್ರಾ ದರಿಯಾ ಎಂದು ಉರ್ದುವಿನಲ್ಲಿ ಹೇಳುತ್ತೇವೆ. ಈ ಮಾರ್ಗವೂ ಹಾಗೆಯೇ. ನದಿಯನ್ನೂ ಗುಡ್ಡವನ್ನೂ ಕಂಪ್ಯೂಟರಿನಲ್ಲಿ ಲಕ್ಷಾಂತರ ಕಣಗಳಾಗಿ ಬಿಡಿಸುತ್ತಾರೆ. ಇದಕ್ಕೆ ಸ್ಮೂದ್ಡ್ ಪಾರ್ಟಿಕಲ್ ಹೈಡ್ರೊಡೈನಾಮಿಕ್ಸ್, ಚಿಕ್ಕದಾಗಿ ಎಸ್.ಪಿ.ಎಚ್. ಎಂದು ಹೆಸರು. 1977ರಲ್ಲಿ ಗಿಂಗೋಲ್ಡ್ ಮತ್ತು ಮೊನಾಗನ್ ಒಂದು ಕಡೆ, ಲೂಸಿ ಇನ್ನೊಂದು ಕಡೆ, ನಕ್ಷತ್ರಗಳ ಅಧ್ಯಯನಕ್ಕಾಗಿ ಇದನ್ನು ರೂಪಿಸಿದರು. 1994ರಲ್ಲಿ ಮೊನಾಗನ್ ಇದನ್ನು ಅಲೆಯೇಳುವ ನೀರಿಗೂ ಅನ್ವಯಿಸಿದರು.

ಪ್ರತಿ ಕಣಕ್ಕೂ ತನ್ನದೇ ಆದ ತೂಕ, ವೇಗ, ಒತ್ತಡ ಇರುತ್ತವೆ. ಕಣ ತನ್ನ ಸುತ್ತಲಿನ ನೆರೆಯವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹತ್ತಿರದ ನೆರೆಯವನ ಪ್ರಭಾವ ಹೆಚ್ಚು, ದೂರದವನದು ಕಡಿಮೆ. ಕಣಗಳು ಒಂದೆಡೆ ಒತ್ತೊತ್ತಾದರೆ ಒತ್ತಡ ಏರಿ ಪರಸ್ಪರ ದೂಡುತ್ತವೆ. ಭೂಮಿ ಎಲ್ಲವನ್ನೂ ಕೆಳಗೆ ಎಳೆಯುತ್ತದೆ. ಉಳಿದದ್ದು ನಾವು ಶಾಲೆಯಲ್ಲಿ ಕಲಿಸುವ ನ್ಯೂಟನ್ನನ ಎರಡನೆಯ ನಿಯಮ. ಒಂದು ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಕಾಲ ಕಣಗಳನ್ನು ಮುಂದಕ್ಕೆ ಸರಿಸಿ ಮತ್ತೆ ಲೆಕ್ಕ ಮಾಡುತ್ತಾರೆ. ಹೀಗೆ ಸಾವಿರಾರು ಸಲ.

ಹಳೆಯ ವಿಧಾನದಲ್ಲಿ ನೀರನ್ನು ಚೌಕಳಿ ಮನೆಗಳಾಗಿ ವಿಂಗಡಿಸುತ್ತಿದ್ದರು. ಅಲೆ ಮುರಿದು ಸಿಡಿದಾಗ ಆ ಮನೆಗಳಲ್ಲಿ ನೀರಿನ ಅಂಚನ್ನು ಗುರುತಿಸುವುದು ಕಷ್ಟ. ಕಣಗಳಿಗೆ ಆ ತೊಡಕಿಲ್ಲ, ನೀರು ಹೋದಲ್ಲಿ ಅವೂ ಹೋಗುತ್ತವೆ. ಮಣ್ಣಿನ ಕಣಗಳಿಗೆ ಬೇರೆ ಗುಣ ಕೊಡುತ್ತಾರೆ. ಅಂಬಲಿ ತಾನಾಗಿ ಹರಿಯುತ್ತದೆ. ರೊಟ್ಟಿಗೆ ನಾದಿದ ಹಿಟ್ಟು ಸಾಕಷ್ಟು ಒತ್ತಿದರೆ ಮಾತ್ರ ಹರಡುತ್ತದೆ. ಕುಸಿಯುವ ಮಣ್ಣು ಆ ಹಿಟ್ಟಿನ ಹಾಗೆ.

ಲೆಕ್ಕ ಸುಲಭವಲ್ಲ. ಕಣಗಳ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ಕಣಗಳ ಸಂಖ್ಯೆ 8 ಪಟ್ಟು ಏರುತ್ತದೆ. ಕಾಲದ ಹೆಜ್ಜೆಯೂ ಅರ್ಧವಾಗುವುದರಿಂದ ಕೆಲಸ ಸುಮಾರು 16 ಪಟ್ಟು. ನದಿಯ ಆಳ, ಜಾರಬಹುದಾದ ಮಣ್ಣಿನ ಪ್ರಮಾಣ, ಅದರ ಬಿಗಿತ ಇವನ್ನು ಸ್ಥಳದಲ್ಲೇ ಅಳೆಯಬೇಕು. ತಪ್ಪು ಅಳತೆ ಕೊಟ್ಟರೆ ಕಂಪ್ಯೂಟರ್ ತಪ್ಪು ಉತ್ತರವನ್ನೇ ಕೊಡುತ್ತದೆ. ಆದ್ದರಿಂದ ಪ್ರಯೋಗಶಾಲೆಯ ತೊಟ್ಟಿಯಲ್ಲಿ ಮರಳು ಜಾರಿಸಿ, ಎದ್ದ ಅಲೆಯೊಡನೆ ಲೆಕ್ಕವನ್ನು ಹೋಲಿಸಿ ನೋಡುತ್ತಾರೆ. ಗುಡ್ಡ ಯಾವ ದಿನ ಕುಸಿಯುತ್ತದೆ ಎಂದು ಈ ವಿಧಾನ ಹೇಳಲಾರದು. ಇಷ್ಟು ಮಣ್ಣು ಇಂಥ ವೇಗದಲ್ಲಿ ಬಿದ್ದರೆ ಎದುರು ದಂಡೆಗೆ ಎಷ್ಟು ಎತ್ತರದ ನೀರು ಬರುತ್ತದೆ ಎಂದು ಹೇಳಬಲ್ಲದು.

ಅಷ್ಟು ತಿಳಿದರೂ ಅದು ಜೀವ ಉಳಿಸುವ ಜ್ಞಾನವೇ. 10 ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುತ್ತದೆ. 200 ಮೀಟರ್ ಅಗಲದ ನದಿಯನ್ನು ಅದು 20 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಮಲಗಿದ ಮಗುವನ್ನು ಎತ್ತಿಕೊಂಡು ಹೊರಬರುವುದೂ ಕಷ್ಟ. ಸೈರನ್ ಮೊಳಗಿಸಲು ಸಮಯವೇ ಇಲ್ಲ. ಎಚ್ಚರಿಕೆ ಕುಸಿತಕ್ಕೆ ಮೊದಲೇ, ನಕ್ಷೆಯ ರೂಪದಲ್ಲಿ ಇರಬೇಕು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ರಸ್ತೆಗಾಗಿ ಗುಡ್ಡ ಕಡಿಯುವ ಕಡೆ ಕೆಳಗೆ ನದಿಯೋ ಜಲಾಶಯವೋ ಇದ್ದರೆ, ಆಚೆ ದಂಡೆಯ ಊರನ್ನೂ ಅಪಾಯದ ನಕ್ಷೆಯಲ್ಲಿ ಸೇರಿಸಿದ್ದೀರಾ ಎಂದು ಕೇಳಿರಿ. ಪಾಲಕರೆ, ಗಣಿತ ಕಠಿಣ ಎಂದು ಹೆಣ್ಣುಮಗಳನ್ನಾಗಲಿ ಗಂಡುಮಗನನ್ನಾಗಲಿ ಆ ವಿಷಯದಿಂದ ಬಿಡಿಸಬೇಡಿರಿ. ವಿದ್ಯಾರ್ಥಿಗಳೆ, ಡ್ಯುಯಲ್‌ಎಸ್‌ಫಿಸಿಕ್ಸ್ ಎಂಬ ಕಣಲೆಕ್ಕದ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಸಣ್ಣ ಪ್ರಯೋಗಗಳಿಗೆ ಸಾಧಾರಣ ಕಂಪ್ಯೂಟರ್ ಸಾಕು. ನಮ್ಮ ಧಾರವಾಡದಲ್ಲಿಯೇ 2016ರಿಂದ ಐಐಟಿ ಇದೆ. ಶಾಲ್ಮಲೆ ಹುಟ್ಟುವ ಊರಿನ ಮಕ್ಕಳು ಗಂಗಾವಳಿಯ ಲೆಕ್ಕ ಮಾಡುವಂತಾಗಲಿ. ಉಳುವರೆಯಂಥ ಊರುಗಳಿಗೆ ನಾವು ಕೊಡಬಹುದಾದ ನಿಜವಾದ ನೆರವು ಅದೇ.