ಪೆಟ್ರೋಲ್ ಮುಳ್ಳಿನ ಸಾಕ್ಷಿ
(ಕಾಮೋಠೆಯ ಸಭೆಯಲ್ಲಿ ಆಡಿದ ಮಾತು)



ನಸುಕಿಗೆ ಎದ್ದು ಹೋಟೆಲಿನ ಮಾರುತಿ ಓಮ್ನಿಯಲ್ಲಿ ವಾಶಿ ಮಾರ್ಕೆಟಿಗೆ ಹೋಗಿ ನೀರುಳ್ಳಿ, ಬಟಾಟೆ ಹೇರಿಕೊಂಡು ಬರುವ ಹುಡುಗರು ನಮ್ಮಲ್ಲಿದ್ದಾರೆ. ಅಂಥ ಒಬ್ಬನ ಮೇಲೆ ಧಣಿಗಳು ಅಪವಾದ ಹೊರಿಸಿದರು. ಮುಳ್ಳು ದಿನವೂ ತಳದಲ್ಲೇ ಇರುತ್ತದೆ, ಹಾಕಿಸಿದ ಪೆಟ್ರೋಲನ್ನು ಇವನು ಮಾರಿಕೊಳ್ಳುತ್ತಾನೆ ಎಂದರು. ಸಂಬಳದಲ್ಲಿ ಕಡಿತವೂ ಆಯಿತು. ಓಮ್ನಿಯ ತಯಾರಿಕೆ 2019ರಲ್ಲೇ ನಿಂತಿದೆ. ಈಗ ಓಡುವುದೆಲ್ಲ ಹಳೆಯ ಗಾಡಿಯೇ. ಅದರ ಮುಳ್ಳನ್ನು ಪರೀಕ್ಷಿಸದೆ ನಂಬುವುದೆಂತು? ಗಲ್ಲಾದ ಲೆಕ್ಕ ಪೈಸೆ ಪೈಸೆಗೆ ಬೇಕು, ಪೆಟ್ರೋಲಿನ ಲೆಕ್ಕಕ್ಕೆ ಮಾತ್ರ ಮುಳ್ಳು ಸಾಕು!

ನಮ್ಮ ಹೋಟೆಲಿನ ನೀರಿನ ಟಾಂಕಿಯಲ್ಲಿರುವಂತೆ ಪೆಟ್ರೋಲ್ ಟಾಂಕಿಯಲ್ಲೂ ಒಂದು ತೇಲುವ ಬೆಂಡು ಇದೆ. ಪೆಟ್ರೋಲ್ ಇಳಿದಂತೆ ಅದು ಇಳಿದು, ಮೀಟರಿಗೆ ಹರಿಯುವ ಕರೆಂಟನ್ನು ತಗ್ಗಿಸುತ್ತದೆ, ಮುಳ್ಳೂ ಇಳಿಯುತ್ತದೆ. ಬೆಂಡು ತೂತಾಗಿ ಮುಳುಗಿದರೂ, ತಂತಿಯ ಬುಡಕ್ಕೆ ತುಕ್ಕು ಹಿಡಿದರೂ, ತುಂಬಿದ ಟಾಂಕಿ ಬರಿದೆಂದೇ ಕಾಣುತ್ತದೆ.

ನಾವು ನಾಲ್ವರು ಕೂಡಿ ನೋಡಿದೆವು. ಕೀಲಿ ಮುಚ್ಚಿ, ಟಾಂಕಿಯಿಂದ ಮೀಟರಿಗೆ ಹೋಗುವ ತಂತಿಯನ್ನು ಬಿಡಿಸಿ, 12 ವೋಲ್ಟಿನ ಸಣ್ಣ ಬಲ್ಬಿನ ಮೂಲಕ ಗಾಡಿಯ ಮೈಯ ಶುಭ್ರ ಕಬ್ಬಿಣಕ್ಕೆ ಸೇರಿಸಿದೆವು. ಎಲ್ಲ ಜೋಡಿಸಿದ ಮೇಲೆಯೇ ಕೀಲಿ ತಿರುಗಿಸಬೇಕು. ಪೆಟ್ರೋಲಿನ ಹತ್ತಿರ ಕಿಡಿ ಹಾರಬಾರದು, ಬೀಡಿಯಂತೂ ಕೂಡದು. ಬಲ್ಬಿಲ್ಲದೆ ನೇರ ಮುಟ್ಟಿಸಿದರೆ ಮೀಟರೇ ಸುಡಬಹುದು. ಬಲ್ಬು ಹತ್ತಿತು, ಮುಳ್ಳು ಮೇಲೆದ್ದಿತು. ಆದ್ದರಿಂದ ಮೀಟರೂ ಆ ತಂತಿಯೂ ಸರಿ, ದೋಷ ಟಾಂಕಿಯ ಕಡೆಯದು. (ಮುಳ್ಳು ಅಲ್ಲಾಡದಿದ್ದರೆ ಫ್ಯೂಸ್, ತಂತಿ, ಮೀಟರ್ ನೋಡಬೇಕಿತ್ತು.) ಟಾಂಕಿಯಿಂದ ಮೈಗೆ ಬರುವ ಅರ್ತಿಂಗ್ ತಂತಿಯ ಬುಡ ತುಕ್ಕಾಗಿತ್ತು. ಕೆರೆದು ಬಿಗಿ ಮಾಡಿ, ಬಿಡಿಸಿದ ತಂತಿಯನ್ನು ಮತ್ತೆ ಸಿಕ್ಕಿಸಿದೆವು. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಹೊಸ ಮೀಟರ್ ಹಾಕಬೇಕೆಂದು ಗ್ಯಾರೇಜಿನವನೊಬ್ಬ ಹೇಳಿದ್ದನಂತೆ!

ಮುಳ್ಳಿನ ಹಂಗಿಲ್ಲದ ಲೆಕ್ಕವೂ ಇದೆ. ಟಾಂಕಿ ತುಂಬಿಸಿ ಕಿಲೋಮೀಟರ್ ಬರೆದಿಡಿ. ಕೆಲವು ದಿನ ಓಡಿಸಿ ಮತ್ತೆ ತುಂಬಿಸಿ. ಎರಡನೆಯ ಸಲ ಹಿಡಿದಷ್ಟು ಲೀಟರೇ ಖರ್ಚಾದದ್ದು. ಪಂಪಿನ ರಸೀದಿ ಬಿಸಾಡಬೇಡಿ.

ಕೆಲಸಗಾರನ ತಪ್ಪಿನಿಂದ ನಷ್ಟವಾಯಿತೆಂದು ಸಂಬಳ ಕಡಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕೆಂಬ ನಿಯಮ 1936ರ ವೇತನ ಕಾಯಿದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಈ ಹುಡುಗನನ್ನು ಯಾರೂ ಕೇಳಿರಲಿಲ್ಲ. ಧಣಿಗಳ ಎದುರಿಗೇ ಬಲ್ಬು ಹಚ್ಚಿ ತೋರಿಸಿದ್ದೇವೆ. ಕಡಿದ ಹಣ ಹಿಂದಿರುಗಿಸಬೇಕೆಂದು ಬರೆದೂ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರುವ ಭಾನುವಾರ ಮತ್ತೆ ಹೋಗುತ್ತೇವೆ. ಬಿಡುವಿದ್ದವರು ಜೊತೆಗೆ ಬನ್ನಿ.