ಪೀಠಿಕೆಯಲ್ಲಿ ದೇವರ ಹೆಸರು



1949ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ದೇವರ ಹೆಸರನ್ನು ಮತಕ್ಕೆ ಹಾಕಿತು. ಪರವಾಗಿ 41 ಕೈಗಳು ಎದ್ದವು, ವಿರುದ್ಧವಾಗಿ 68. ಅಂದು ಚರ್ಚೆಗೆ ಬಂದದ್ದು ಸಂವಿಧಾನದ ಪೀಠಿಕೆ. ‘ಭಾರತದ ಪ್ರಜೆಗಳಾದ ನಾವು’ ಎಂಬ ಮಾತಿಗೂ ಮುಂಚೆ ‘ದೇವರ ಹೆಸರಿನಲ್ಲಿ’ ಎಂದು ಸೇರಿಸಬೇಕೆಂಬ ತಿದ್ದುಪಡಿ ಹೀಗೆ ಬಿದ್ದುಹೋಯಿತು. ಆ ದಿನ ಸಭೆಯಲ್ಲಿದ್ದವರಲ್ಲಿ ಬಹುಮಂದಿ ಆಸ್ತಿಕರು. ದೈವವನ್ನು ನಂಬಿದವರೇ ದೈವದ ಹೆಸರು ಇಲ್ಲಿ ಬೇಡವೆಂದದ್ದು ಯಾಕೆ? ಈ ದತ್ತಿ ಉಪನ್ಯಾಸಕ್ಕೆ ನಾನು ಎತ್ತಿಕೊಂಡ ಪ್ರಶ್ನೆ ಅದು.

ತಿದ್ದುಪಡಿ ತಂದವರು ಹರಿ ವಿಷ್ಣು ಕಾಮತ್. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಅಧಿಕಾರಿಯಾಗಿದ್ದು, 1938ರಲ್ಲಿ ಆ ನೌಕರಿ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ನಡೆದವರು. ಸಂವಿಧಾನ ಸಭೆಗೆ ಬಂದದ್ದು ಮಧ್ಯಪ್ರಾಂತ ಮತ್ತು ಬೇರಾರ್‌ನಿಂದ. ಸಂವಿಧಾನದಲ್ಲಿ ದೇವರ ಹೆಸರು ಕೇಳುವುದಕ್ಕೆ ಮಾದರಿ ಇಲ್ಲದಿರಲಿಲ್ಲ. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಮಾದರಿಯಾದದ್ದು 1937ರ ಐರ್ಲೆಂಡ್ ಸಂವಿಧಾನ. ಅದರ ಪೀಠಿಕೆ ಶುರುವಾಗುವುದೇ ಕ್ರೈಸ್ತರ ತ್ರಯೈಕ್ಯ ದೇವರ ನಾಮಸ್ಮರಣೆಯಿಂದ. ನಮ್ಮವರು ಆ ತತ್ವಗಳನ್ನು ತೆಗೆದುಕೊಂಡರು, ನಾಮಸ್ಮರಣೆಯನ್ನು ಅಲ್ಲಿಯೇ ಬಿಟ್ಟರು.

ಕಾಮತರು ಹಟಕ್ಕೆ ಬಿದ್ದು ಕೇಳಿದವರಲ್ಲ. ಮಾಡಿದ್ದೆಲ್ಲವನ್ನೂ ಈಶ್ವರಾರ್ಪಣ ಮಾಡು ಎನ್ನುವ ಗೀತೆಯ ಭಾವದಲ್ಲಿ ಈ ಸಂವಿಧಾನವನ್ನೂ ಅರ್ಪಿಸೋಣ ಎಂಬುದು ಅವರ ಬೇಡಿಕೆ. ಆಳುವವನಿಗೆ ತನಗಿಂತ ಮೇಲೆ ಒಂದು ಶಕ್ತಿ ಇದೆಯೆಂಬ ಅಳುಕು ಇರಬೇಕು ಎಂದು ಬಯಸುವುದು ಸಣ್ಣ ಮಾತಲ್ಲ. ಅವರನ್ನು ಹಿಂದುಳಿದ ಮನಸ್ಸಿನವರೆಂದು ತಳ್ಳಿಹಾಕುವ ಬರಹಗಳನ್ನು ನಾನು ಒಪ್ಪಲಾರೆ. ಅಂದು ಹೀಗೆ ಕೇಳಿದವರು ಅವರೊಬ್ಬರೇ ಅಲ್ಲ. ಶಿಬ್ಬನ್‌ಲಾಲ್ ಸಕ್ಸೇನಾ ದೇವರ ಜೊತೆಗೆ ಗಾಂಧೀಜಿಯ ಹೆಸರನ್ನೂ ಸೇರಿಸಬೇಕೆಂದರು. ಗೋವಿಂದ ಮಾಳವೀಯರು ಪರಮೇಶ್ವರನ ಕೃಪೆಯನ್ನು ನೆನೆಯಬೇಕೆಂದರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು, ದೇವನೇ ಏಕೆ, ದೇವಿ ಎನ್ನಿ ಎಂದರು. ಕಾಮಾಖ್ಯಾ ದೇವಿಯ ನಾಡಿನಿಂದ ಬಂದವರಿಗೆ ಆ ಮಾತು ಸಹಜವಾದದ್ದು. ಗಮನಿಸಿ: ದೇವರ ಹೆಸರು ಬೇಕೆಂದವರೊಳಗೇ ಯಾವ ಹೆಸರು ಎಂಬುದು ಇತ್ಯರ್ಥವಾಗಲಿಲ್ಲ.

ವಿರೋಧಿಸಿದವರಲ್ಲಿ ನನ್ನನ್ನು ಬಹಳ ಕಾಡಿದವರು ಪಟ್ಟಂ ತಾಣು ಪಿಳ್ಳೈ. ಈ ತಿದ್ದುಪಡಿ ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದವರು ಅವರು. ಬಂದದ್ದು ತಿರುವಾಂಕೂರಿನಿಂದ. ಅಲ್ಲಿ 1750ರಲ್ಲಿ ಮಾರ್ತಾಂಡವರ್ಮ ಇಡೀ ರಾಜ್ಯವನ್ನೇ ಪದ್ಮನಾಭಸ್ವಾಮಿಗೆ ಧಾರೆಯೆರೆದಿದ್ದ. ಅಂದಿನಿಂದ ಅಲ್ಲಿಯ ಅರಸರು ಪದ್ಮನಾಭದಾಸರು. ರಾಜ್ಯ ದೇವರದು, ಅರಸ ಬರಿಯ ಸೇವಕ. ಕೇಳಲು ಎಷ್ಟು ವಿನಯದ ಮಾತು! ಆದರೆ ಆ ದೇವರ ರಾಜ್ಯದಲ್ಲಿ ಹುಟ್ಟಿದ, ಕೆಳಜಾತಿಯವರೆನಿಸಿಕೊಂಡ ಈಳವರು, ಪುಲಯರು ದೇವರ ಗುಡಿಯೊಳಗೆ ಕಾಲಿಡಲು 1936ರ ನವೆಂಬರ್ 12ರ ದೇವಾಲಯ ಪ್ರವೇಶ ಘೋಷಣೆಯವರೆಗೆ ಕಾಯಬೇಕಾಯಿತು. ನೂರೆಂಬತ್ತಾರು ವರ್ಷ ಅವರು ದೇವರ ಪ್ರಜೆಗಳಾಗಿದ್ದರು, ದೇವರ ಬಾಗಿಲಿನಿಂದ ಹೊರಗಿದ್ದರು. ಅಂಥ ನಾಡನ್ನು ಕಂಡವರೊಬ್ಬರು ದೆಹಲಿಯಲ್ಲಿ ಎದ್ದು ಬಲವಂತ ಬೇಡವೆಂದಾಗ, ಆ ಮಾತಿನ ಹಿಂದೆ ಈ ಇತಿಹಾಸವೆಲ್ಲ ನನಗೆ ಕಾಣಿಸುತ್ತದೆ.

ದೇವರ ಹೆಸರಿನಲ್ಲಿ ಆಳುವುದು ನಮ್ಮ ನಾಡಿಗೂ ಹೊಸದಲ್ಲ. ವಿಜಯನಗರದ ಸಂಗಮ ಅರಸರ ತಾಮ್ರಶಾಸನಗಳ ಕೊನೆಯಲ್ಲಿ ಅರಸನ ಅಂಕಿತವಾಗಿ ಇರುವುದು ‘ಶ್ರೀ ವಿರೂಪಾಕ್ಷ’. ಶಾಸನ ನಾಗರಿ ಲಿಪಿಯಲ್ಲಿದ್ದರೂ ಆ ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿ. ಹಂಪಿಯ ದೇವರೇ ರುಜು ಹಾಕಿದ ಹಾಗೆ. ಅರಸ ಒಬ್ಬ, ಅವನ ಮನೆದೇವರು ಒಬ್ಬ; ಆ ದೇವರ ಹೆಸರಿನಲ್ಲಿ ಆಳುವುದಾಗಿ ಅರಸ ಹೇಳಿಕೊಳ್ಳಬಹುದಿತ್ತು. 1949ರಲ್ಲಿ ರುಜು ಹಾಕಬೇಕಾದವರು ಕೋಟಿಗಟ್ಟಲೆ ಜನ.

ದೈವಾನುಗ್ರಹದ ಪ್ರಶ್ನೆ ಇನ್ನೊಂದು ದೇಶದ ಹುಟ್ಟಿನಲ್ಲಿಯೂ ಎದ್ದಿತ್ತು. 1787ರ ಬೇಸಿಗೆ, ಫಿಲಡೆಲ್ಫಿಯಾ. ಅಮೆರಿಕದ ಸಂವಿಧಾನ ಬರೆಯಲು ಕೂತವರು ವಾರಗಟ್ಟಲೆ ಜಗಳಾಡಿದ್ದರು. ದೊಡ್ಡ ರಾಜ್ಯಗಳಿಗೆ ಹೆಚ್ಚು ಪ್ರತಿನಿಧಿಗಳೋ, ಎಲ್ಲ ರಾಜ್ಯಗಳಿಗೂ ಸಮನೋ ಎಂಬುದು ಬಗೆಹರಿಯುತ್ತಿರಲಿಲ್ಲ. ಜೂನ್ 28ರಂದು 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಒಂದು ಸಲಹೆ ಇಟ್ಟರು. ಬ್ರಿಟನ್ ಜೊತೆ ಹೋರಾಟ ಶುರುವಾದಾಗ ಇದೇ ಕೋಣೆಯಲ್ಲಿ ದಿನವೂ ಪ್ರಾರ್ಥಿಸಿದ್ದೆವು, ಈಗ ಆ ಗೆಳೆಯನನ್ನು ಮರೆತೆವೇ ಎಂದು ಅವರು ಕೇಳಿದರು. ಇನ್ನು ಮೇಲೆ ಬೆಳಗಿನ ಕಲಾಪಕ್ಕೆ ಮುಂಚೆ ಪಾದ್ರಿಯೊಬ್ಬರಿಂದ ಪ್ರಾರ್ಥನೆ ನಡೆಯಲಿ ಎಂದರು. ರೋಜರ್ ಶರ್ಮನ್ ಅನುಮೋದಿಸಿದರು. ಇಷ್ಟು ದಿನವಿಲ್ಲದೆ ಈಗ ಪ್ರಾರ್ಥನೆ ಎಂದರೆ, ಒಳಗೆ ಏನೋ ಒಡಕು ಬಿದ್ದಿದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ ಎಂದು ಹ್ಯಾಮಿಲ್ಟನ್ ಮೊದಲಾದವರು ಹೆದರಿದರು. ಪಾದ್ರಿಗೆ ಕೊಡಲು ನಮ್ಮಲ್ಲಿ ಹಣವಿಲ್ಲ ಎಂದರು ವಿಲಿಯಮ್‌ಸನ್. ಮತಕ್ಕೆ ಹಾಕದೆಯೇ ಸಭೆ ಮುಗಿಯಿತು. ಮೂರು ನಾಲ್ಕು ಜನರ ಹೊರತು ಯಾರಿಗೂ ಪ್ರಾರ್ಥನೆ ಅಗತ್ಯವೆನಿಸಲಿಲ್ಲ ಎಂದು ಫ್ರಾಂಕ್ಲಿನ್ ತಮ್ಮ ಕಾಗದದ ಮೇಲೆ ಬರೆದಿಟ್ಟರು.

ಜುಲೈ 16ರಂದು ಆ ಜಗಳ ಬಗೆಹರಿಯಿತು: ಒಂದು ಸದನದಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ, ಇನ್ನೊಂದರಲ್ಲಿ ಎಲ್ಲರಿಗೂ ಸಮ. ಇಷ್ಟೊಂದು ಭಿನ್ನಾಭಿಪ್ರಾಯದ ನಡುವೆ ಒಮ್ಮತ ಮೂಡಿದ್ದರಲ್ಲಿ ಭಕ್ತನಾದವನಿಗೆ ಸರ್ವಶಕ್ತನ ಕೈ ಕಾಣದೆ ಇರದು ಎಂದು ಮುಂದೆ ಬರೆದವರು ಜೇಮ್ಸ್ ಮ್ಯಾಡಿಸನ್. ಇದೇ ಮ್ಯಾಡಿಸನ್ 1785ರಲ್ಲಿ, ಕ್ರೈಸ್ತ ಬೋಧಕರ ಸಂಬಳಕ್ಕಾಗಿ ವರ್ಜೀನಿಯಾದ ಜನರ ಮೇಲೆ ತೆರಿಗೆ ಹಾಕುವ ಮಸೂದೆಯನ್ನು ಎದುರಿಸಿ ಮನವಿ ಬರೆದಿದ್ದರು. ಇವೆರಡರಲ್ಲಿ ಯಾವ ವಿರೋಧವೂ ನನಗೆ ಕಾಣುವುದಿಲ್ಲ. ದೇವರ ಕೈಯನ್ನು ಕಂಡವನು ತಾನು ಕಂಡೆ ಎನ್ನಬಹುದು. ನೀನೂ ಕಂಡೆ ಎಂದು ಒಪ್ಪಿಕೋ, ಅದಕ್ಕೆ ಕಂದಾಯ ಕಟ್ಟು ಎಂದು ನೆರೆಯವನಿಗೆ ಹೇಳಲು ಬರುವುದಿಲ್ಲ.

ನಮ್ಮ ಪಕ್ಕದಲ್ಲಿಯೇ ಇನ್ನೊಂದು ದಾರಿ ಹಿಡಿದವರಿದ್ದರು. 1949ರ ಮಾರ್ಚ್ 12ರಂದು ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ, ಸಾರ್ವಭೌಮತ್ವ ಅಲ್ಲಾಹನದು ಎಂಬ ನಿರ್ಣಯವನ್ನು ಅಂಗೀಕರಿಸಿತು. ಇದು ಪುರೋಹಿತರ ಆಡಳಿತವಲ್ಲ, ಆ ಅಧಿಕಾರ ಜನರ ಮೂಲಕವೇ ನಡೆಯುತ್ತದೆ ಎಂದು ಪ್ರಧಾನಿ ಲಿಯಾಕತ್ ಅಲಿ ಖಾನ್ ಭರವಸೆ ಕೊಟ್ಟರು. ಪೂರ್ವ ಬಂಗಾಳದ ಹಿಂದೂ ಸದಸ್ಯರು, ಶ್ರೀಶ್‌ಚಂದ್ರ ಚಟ್ಟೋಪಾಧ್ಯಾಯರ ಮುಂದಾಳತ್ವದಲ್ಲಿ, ಬೇಡವೆಂದು ಕೇಳಿಕೊಂಡರು. ಅವರ ತಿದ್ದುಪಡಿಗಳು ಬಿದ್ದುಹೋದವು. ದೆಹಲಿಯ ಚರ್ಚೆ ನಡೆದದ್ದು ಇದಾದ ಏಳು ತಿಂಗಳಿಗೆ.

ದೆಹಲಿಯ ಆ ಚರ್ಚೆಯಲ್ಲಿ, ಮನುಷ್ಯನ ಅಂತರಂಗಕ್ಕೆ ಸೇರಿದ ವಿಷಯ ಮತಕ್ಕೆ ಬಂತಲ್ಲ ಎಂದು ಹೃದಯನಾಥ ಕುಂಜ್ರೂ ನೊಂದುಕೊಂಡರು. ವಿಚಾರ, ನಂಬಿಕೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಕೊಡುವ ಪೀಠಿಕೆಯೇ ಮೊದಲ ಸಾಲಿನಲ್ಲಿ ಅದನ್ನು ಮೊಟಕು ಮಾಡುವುದು ಸಲ್ಲದು ಎಂಬುದು ಅವರ ವಾದ. ದೇವರ ಬಗ್ಗೆ ಕೈ ಎತ್ತುವ ಸಂಕಟಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಬೇಡಿಕೊಂಡರು. ಕಾಮತರು ಹಿಂದೆಗೆಯಲಿಲ್ಲ. ಸೋತ ಮೇಲೆ, ನಮ್ಮ ಚರಿತ್ರೆಯಲ್ಲಿ ಇದು ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದರು.

ಆದರೆ ಅವರು ಪೂರ್ತಿ ಸೋತಿರಲಿಲ್ಲ. ರಾಷ್ಟ್ರಪತಿಯ ಪ್ರಮಾಣವಚನದಲ್ಲಿ ದೇವರ ಹೆಸರಿರಬೇಕೆಂದು 1948ರ ಡಿಸೆಂಬರ್‌ನಲ್ಲಿಯೇ ಅವರೂ ಮಹಾವೀರ್ ತ್ಯಾಗಿಯವರೂ ವಾದಿಸಿದ್ದರು. ಸಭೆ ಅದಕ್ಕೆ ಒಪ್ಪಿತ್ತು, ಪಕ್ಕದಲ್ಲಿ ಇನ್ನೊಂದು ದಾರಿಯನ್ನೂ ಇಟ್ಟು. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು. ಒಂದೇ ಸಭೆ ಒಂದು ಕಡೆ ದೇವರ ಹೆಸರನ್ನು ಬರಮಾಡಿಕೊಂಡು ಇನ್ನೊಂದು ಕಡೆ ಬೇಡವೆಂದದ್ದು ನನ್ನ ಮಟ್ಟಿಗೆ ಗೊಂದಲವಲ್ಲ. ಪೀಠಿಕೆಯಲ್ಲಿ ಮಾತಾಡುವುದು ಇಡೀ ದೇಶ. ಪ್ರಮಾಣ ಮಾಡುವಾಗ ಮಾತಾಡುವುದು ಒಬ್ಬ ಮನುಷ್ಯ. ತನ್ನ ದೇವರನ್ನು ಸಾಕ್ಷಿಗೆ ಕರೆಯುವ ಹಕ್ಕು ಆ ಒಬ್ಬನಿಗೆ ಇದೆ. ಎಲ್ಲರ ಪರವಾಗಿ ಕರೆಯುವ ಹಕ್ಕು ಯಾವ ಬಹುಮತಕ್ಕೂ ಇಲ್ಲ, 41ಕ್ಕೂ ಇಲ್ಲ, ಅದು 241 ಆಗಿದ್ದರೂ ಇಲ್ಲ.

‘ದೃಢೀಕರಿಸುತ್ತೇನೆ’ ಎಂಬ ಆ ಎರಡನೆಯ ದಾರಿ ನಾಸ್ತಿಕರಿಗಾಗಿ ಮಾಡಿದ್ದು ಎಂದು ಅನೇಕರು ತಿಳಿದಿದ್ದಾರೆ. ಅದರ ಮೂಲ ಬೇರೆ. ಇಂಗ್ಲೆಂಡಿನ ಕ್ವೇಕರರು ದೇವರನ್ನು ಗಾಢವಾಗಿ ನಂಬಿದ ಒಂದು ಕ್ರೈಸ್ತ ಪಂಥದ ಜನ. ಆಣೆಯಿಡಬೇಡ ಎಂದು ಯೇಸು ಹೇಳಿದ್ದಾನೆಂದು, ನ್ಯಾಯಾಲಯದಲ್ಲಿ ದೇವರ ಮೇಲೆ ಆಣೆಯಿಡಲು ಒಪ್ಪದೆ ಜೈಲಿಗೆ ಹೋದವರು. ಅವರ ಸಲುವಾಗಿ ಕಾನೂನು ಬಾಗಿತು. ಅವರಲ್ಲಿ ಒಬ್ಬರಾದ ವಿಲಿಯಂ ಪೆನ್ ಕಟ್ಟಿದ ಊರೇ ಫಿಲಡೆಲ್ಫಿಯಾ. ಆ ಊರಿನಲ್ಲಿ ಬರೆದ ಸಂವಿಧಾನ ಆಣೆಗೂ ದೃಢೀಕರಣಕ್ಕೂ ಸಮಾನ ಬೆಲೆ ಕೊಟ್ಟಿತು, ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇಡಕೂಡದು ಎಂದಿತು. ದೇವರನ್ನು ಎಲ್ಲಕ್ಕಿಂತ ಗಾಢವಾಗಿ ನಂಬಿದವರೇ ಪಡೆದುಕೊಂಡ ಆ ವಿನಾಯಿತಿ ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ಇದೆ. ಸಂಸದರೋ ಶಾಸಕರೋ ಎರಡರಲ್ಲಿ ಒಂದನ್ನು ಆರಿಸಿಕೊಂಡು ಓದುತ್ತಾರೆ. ಅದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಅವರನ್ನು ಯಾರೂ ಕೇಳುವಂತಿಲ್ಲ.