ಅಲ್ಯೂಮಿನಿಯಂಗೆ ಹೊಳಪು ತರುವ ಕೆಲಸ

(ಮೆಟ್ರಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)



ಈ ವೇದಿಕೆಯ ಮೇಲೆ ನನಗಿಂತ ಮುಂಚೆ ಡಾಕ್ಟರು, ಉಪನ್ಯಾಸಕರು ಮಾತನಾಡಿದ್ದಾರೆ. ನಾನು ಹೊಸಪೇಟೆಯಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವವನು. ಐಟಿಐ ಸೇರಿ ಅರ್ಧಕ್ಕೆ ಬಿಟ್ಟು ವರ್ಕ್‌ಶಾಪಿನಲ್ಲಿ ಕಲಿತವನು. ಏನು ಮಾತನಾಡಲಿ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. "ನಿಮ್ಮ ಕೆಲಸದ ಬಗ್ಗೆಯೇ ಹೇಳಿ, ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಆ ಕಡೆಗೇ ಬರುವವರು" ಎಂದರು. ಹಾಗಾಗಿ ಅಲ್ಯೂಮಿನಿಯಂ ತಗಡಿನ ಮೂರು ತುಂಡು ತಂದಿದ್ದೇನೆ. ಮೂರೂ ಒಂದೇ ತಗಡಿನಿಂದ ಕತ್ತರಿಸಿದವು. ಒಂದಕ್ಕೆ ಏನೂ ಮಾಡಿಲ್ಲ. ಎರಡನೆಯದನ್ನು ಅವಸರದಲ್ಲಿ ಪಾಲಿಶ್ ಮಾಡಿದ್ದೇನೆ. ಮೂರನೆಯದಕ್ಕೆ ಅರ್ಧ ದಿನ ಕೂತಿದ್ದೇನೆ. ಕೈಯಿಂದ ಕೈಗೆ ದಾಟಿಸಿ. ಇಲ್ಲಿ ಟ್ಯೂಬ್‌ಲೈಟಿನ ಕೆಳಗೆ ಎರಡನೆಯದೂ ಮೂರನೆಯದೂ ಒಂದೇ ಥರ ಕಾಣುತ್ತವೆ. ಬಾಗಿಲ ಹತ್ತಿರ ಕೂತವರು ಬಿಸಿಲಿಗೆ ಹಿಡಿದು ನೋಡಿ.

ನಮ್ಮ ಮನೆಗಳಲ್ಲಿ ಈ ಲೋಹಕ್ಕೆ ಜರ್ಮನ್ ಪಾತ್ರೆ ಎಂದೇ ಹೆಸರು. ನಮ್ಮ ಅಮ್ಮಿ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಅದು ಥಳಥಳ ಅನ್ನುತ್ತಿತ್ತು. ಅದೇ ಕೈಯಲ್ಲಿ, ಅದೇ ಬೂದಿಯಲ್ಲಿ ಜರ್ಮನ್ ಪಾತ್ರೆ ತಿಕ್ಕಿದರೆ ಕಪ್ಪಾಗುತ್ತಿತ್ತು. "ಇದು ಬರಕತ್ತಿಲ್ಲದ ಲೋಹ" ಎಂದು ಬೈಯುತ್ತಿದ್ದಳು. ಕಾರಣ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬೂದಿಯಲ್ಲಿ ಕ್ಷಾರ ಇರುತ್ತದೆ. ಅಲ್ಯೂಮಿನಿಯಂ ಕ್ಷಾರಕ್ಕೂ ಕರಗುತ್ತದೆ, ಗಡುಸಾದ ಆಮ್ಲಕ್ಕೂ ಕರಗುತ್ತದೆ. ಆದ್ದರಿಂದ ಬಟ್ಟೆ ಸೋಡಾ, ಬೂದಿ ಇದರ ಹತ್ತಿರ ತರಬೇಡಿ ಎಂದು ಇಲ್ಲಿರುವ ತಾಯಂದಿರಿಗೂ ಹೇಳುತ್ತೇನೆ.

ಈ ಲೋಹದ ಇನ್ನೊಂದು ಗುಣ ತಿಳಿಯದೆ ಪಾಲಿಶ್ ಕೆಲಸ ತಿಳಿಯುವುದಿಲ್ಲ. ಅಲ್ಯೂಮಿನಿಯಂ ಮೆದು. ಆದರೆ ಗಾಳಿ ತಾಗಿದ ಕ್ಷಣದಲ್ಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆ ಮಾತ್ರ ಬಹಳ ಗಟ್ಟಿ. ಲೋಹ 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ ಪೊರೆ ಕರಗಲು 2000 ಡಿಗ್ರಿಗೂ ಮೇಲೆ ಬೇಕು. ಕೆಂಪು ಮಾಣಿಕ್ಯ, ನೀಲ ಇವೂ ಮೂಲದಲ್ಲಿ ಇದೇ ಅಲ್ಯೂಮಿನಿಯಂ ಆಕ್ಸೈಡ್. ನಾವು ಉಜ್ಜಲು ಬಳಸುವ ಎಷ್ಟೋ ಪಾಲಿಶ್ ಕಾಗದದ ಹರಳೂ ಅದೇ. ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತೆಗೆಯುವ ಬಿಳಿ ಪುಡಿಯೂ ಅದೇ. ಮಗನಿಂದ ತಂದೆಯ ಮೈ ಉಜ್ಜಿಸಿದ ಹಾಗೆ ನಮ್ಮ ಕೆಲಸ!

ಈಗ ನನ್ನ ಕಥೆಗೆ ಬರುತ್ತೇನೆ. ಸಂಡೂರಿನ ಕಡೆ ಅದಿರಿನ ಭರಾಟೆ ಇದ್ದ ಕಾಲ. ಹೊಸಪೇಟೆಯ ರಸ್ತೆ, ಮರ, ಮನೆ ಎಲ್ಲ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಲಾರಿ ಕೆಲಸಕ್ಕೆ ಬಿಡುವೇ ಇರಲಿಲ್ಲ. ಒಬ್ಬ ಲಾರಿ ಮಾಲೀಕರು ಅಲ್ಯೂಮಿನಿಯಂ ಟೂಲ್ ಬಾಕ್ಸ್ ಮಾಡಿಸಿದರು. "ಮುಖ ಕಾಣಬೇಕು" ಅಂದರು. ನಾನು ಹೊಸದಾಗಿ ಒಂಟಿಯಾಗಿ ಹಿಡಿದ ಕೆಲಸ. ವೆಲ್ಡ್ ತೆಗೆದು, ಎರಡು ಕಾಗದ ಉಜ್ಜಿ, ನೇರ ಬಫ್ ಚಕ್ರಕ್ಕೆ ಕೊಟ್ಟೆ. ರಾತ್ರಿ ಬಲ್ಬಿನ ಕೆಳಗೆ ಕನ್ನಡಿ! ಬೆಳಿಗ್ಗೆ ಬಿಸಿಲಿಗೆ ತಂದಾಗ ಮೈ ತುಂಬ ಸುರುಳಿ ಸುರುಳಿ ಗೀರು. ಮಾಲೀಕರು ಒಂದು ಸುತ್ತು ಹಾಕಿ, "ಏನಪ್ಪಾ ತಮ್ಮಾ, ಇದು ಕನ್ನಡಿಯೋ, ನೇಗಿಲು ಹೊಡೆದ ಹೊಲವೋ?" ಎಂದು ದುಡ್ಡು ಕೊಡದೆ ಹೋದರು.

ನನಗೆ ಕೆಲಸ ಕಲಿಸಿದ ಚಾಚಾ ಅದನ್ನು ನೋಡಿ ಬೈಯಲಿಲ್ಲ. "ಬೇಟಾ, ಬಫ್ ಗೀರನ್ನು ತೆಗೆಯೋದಿಲ್ಲ, ಗೀರಿಗೆ ಹೊಳಪು ಕೊಡ್ತದೆ" ಅಂದರು. ಆ ಡಬ್ಬಿಯನ್ನು ಮತ್ತೆ ಮೊದಲಿನಿಂದ ಮಾಡಿಸಿದರು. ಎರಡು ದಿನ ಹಿಡಿಯಿತು.

ಚಾಚಾ ಮಾಡಿಸಿದ ರೀತಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಕಬ್ಬಿಣಕ್ಕೆ ಬಳಸುವ ಸಾಮಾನ್ಯ ಗ್ರೈಂಡಿಂಗ್ ಕಲ್ಲನ್ನು ಅಲ್ಯೂಮಿನಿಯಂಗೆ ಹಚ್ಚಬಾರದು. ಮೆದು ಲೋಹ ಕಲ್ಲಿನ ಸಂದಿಯಲ್ಲಿ ತುಂಬಿಕೊಂಡು ಕಲ್ಲು ಕಾದು ಒಡೆಯಬಹುದು. ವೆಲ್ಡಿನ ಉಬ್ಬನ್ನು ಫ್ಲ್ಯಾಪ್ ಡಿಸ್ಕಿನಿಂದ ಇಲ್ಲವೇ ಅರದಿಂದ ತೆಗೆಯಬೇಕು. ಅರದ ಹಲ್ಲಿಗೆ ಮೊದಲೇ ಸೀಮೆಸುಣ್ಣ ಉಜ್ಜಿದರೆ ಲೋಹ ಅಂಟುವುದಿಲ್ಲ. ತಂತಿ ಬ್ರಷ್ ಸ್ಟೇನ್‌ಲೆಸ್‌ನದೇ ಇರಲಿ, ಅದನ್ನು ಕಬ್ಬಿಣಕ್ಕೆ ಮುಟ್ಟಿಸಬೇಡಿ. ಕಬ್ಬಿಣದ ಕಣ ಒಳಗೆ ಕೂತರೆ ಮುಂದೆ ಕಲೆಯಾಗಿ ಎದ್ದುಬರುತ್ತದೆ. ವೆಲ್ಡ್ ಮಾಡುವಾಗಲೇ ಕಡ್ಡಿ ಯಾವುದು ಎಂದು ಯೋಚಿಸಬೇಕು. ಸಿಲಿಕಾನ್ ಇರುವ 4043 ಕಡ್ಡಿಯ ಗೆರೆ ಎಷ್ಟು ಉಜ್ಜಿದರೂ ಸ್ವಲ್ಪ ಬೂದು ಬಣ್ಣಕ್ಕೇ ನಿಲ್ಲುತ್ತದೆ. 5356 ಕಡ್ಡಿ ತಗಡಿನ ಬಣ್ಣಕ್ಕೆ ಹತ್ತಿರ ಕೂಡುತ್ತದೆ.

ಆಮೇಲೆ ಕಾಗದ. 120, 220, 320, 400, 600, ಕನ್ನಡಿಯಂತೆ ಬೇಕಾದರೆ 1000. ಒಂದನ್ನೂ ಹಾರಿಸಬಾರದು. ಒಂದು ಕಾಗದ ಉದ್ದಕ್ಕೆ ಉಜ್ಜಿದರೆ ಮುಂದಿನದು ಅಡ್ಡಕ್ಕೆ. ಅಡ್ಡ ಉಜ್ಜುವಾಗ ಹಿಂದಿನ ಉದ್ದ ಗೀರು ಒಂದಾದರೂ ಕಂಡರೆ ಆ ಕಾಗದದ ಕೆಲಸ ಮುಗಿದಿಲ್ಲ ಎಂದು ಅರ್ಥ. 400ರಿಂದ ಮುಂದೆ ವಾಟರ್ ಪೇಪರಿಗೆ ಸೋಪಿನ ನೀರು ಹಚ್ಚಿಕೊಂಡು ಉಜ್ಜಿ. ಕಾಗದ ಬದಲಿಸುವ ಮುಂಚೆ ತಗಡನ್ನೂ ಕೈಯನ್ನೂ ತೊಳೆಯಿರಿ. 220ರ ಒಂದು ಹರಳು 600ರ ಕೆಲಸದಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹಾಳು. ಇದು ಬೇಸರದ ಕೆಲಸ ಎಂದು ಒಪ್ಪುತ್ತೇನೆ. ನಾನು ರೇಡಿಯೋ ಹಚ್ಚಿಕೊಂಡು ಮಾಡುತ್ತೇನೆ.

ಇಷ್ಟು ಆದ ಮೇಲೆ ಬಫ್ ಕೆಲಸ ಸುಲಭ. ಮೊದಲು ಗಡುಸು ನಾರಿನ ಚಕ್ರ, ಕಂದು ಪಾಲಿಶ್ ಗಟ್ಟಿ. ಆಮೇಲೆ ಬೇರೆ ಮೆತ್ತನೆಯ ಹತ್ತಿ ಚಕ್ರ, ಬಿಳಿ ಗಟ್ಟಿ. ಒಂದು ಚಕ್ರಕ್ಕೆ ಒಂದೇ ಗಟ್ಟಿ. ಒತ್ತಿ ಹಿಡಿದರೆ ಲೋಹ ಕಾದು ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಕೊನೆಗೆ ಉಳಿದ ಜಿಡ್ಡಿಗೆ ಮೈದಾ ಹಿಟ್ಟು ಎರಚಿ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ತಮಾಷೆಯ ಸಂಗತಿ ಎಂದರೆ, ಚಿನ್ನ ಬೆಳ್ಳಿಯವರು ಬಳಸುವ ಕೆಂಪು ಪಾಲಿಶ್ ಗಟ್ಟಿಯಲ್ಲಿರುವುದು ನುಣ್ಣನೆಯ ಕಬ್ಬಿಣದ ಆಕ್ಸೈಡ್. ಸಂಡೂರಿನ ಕೆಂಪು ಧೂಳಿನ ಜಾತಿಯದೇ. ನಮ್ಮ ಲಾರಿಗಳನ್ನು ಕೊಳೆ ಮಾಡಿದ್ದೂ ಅದೇ!

ಈ ತಾಳ್ಮೆ ಹೊಸತಲ್ಲ. ಬೀದರಿನ ಬಿದ್ರಿ ಕೆಲಸದವರು ಸತುವಿನ ಎರಕವನ್ನು ಅರ, ಕಾಗದ ಹಾಕಿ ನುಣುಪು ಮಾಡಿ, ಬೆಳ್ಳಿ ಕೂರಿಸಿದ ಮೇಲೆ ಮತ್ತೆ ನುಣುಪು ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬಣ್ಣ ಬರಿಸಿ, ಎಣ್ಣೆ ಹಚ್ಚಿ ಮುಗಿಸುತ್ತಾರೆ. ಆ ಕಲೆಗೆ 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಲ್ಯೂಮಿನಿಯಂಗೂ ಒಂದು ಕಾಲದಲ್ಲಿ ಅಂಥ ಮರ್ಯಾದೆ ಇತ್ತು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಸುಮಾರು 2.8 ಕಿಲೋ ಅಲ್ಯೂಮಿನಿಯಂನ ಹೊಳಪಿನ ಶಿಖರ ಇಟ್ಟರು. ಆಗ ಅದರ ಬೆಲೆ ಬೆಳ್ಳಿಯ ಸಮ. ಮೇಲೇರಿಸುವ ಮುಂಚೆ ನ್ಯೂಯಾರ್ಕಿನ ಒಡವೆ ಅಂಗಡಿಯಲ್ಲಿ ಜನರಿಗೆ ತೋರಿಸಲು ಇಟ್ಟಿದ್ದರು. ಎರಡು ವರ್ಷದ ಮೇಲೆ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರು ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ದಾರಿ ಕಂಡುಕೊಂಡರು. ಇಬ್ಬರೂ 1863ರಲ್ಲಿ ಹುಟ್ಟಿದವರು. ಅಂದರೆ ನಿಮ್ಮ ಡಿಗ್ರಿ ಕಾಲೇಜಿನ ಹುಡುಗರಿಗಿಂತ ಸ್ವಲ್ಪ ದೊಡ್ಡವರು.

ಇನ್ನು ಹೇಳಲೇಬೇಕಾದ ಒಂದು ಮಾತಿದೆ. ನಾನು ಕಲಿತ ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಒಂದೇ ಮಷೀನು. ಮೇಜಿನ ಹಿಂದೆ ಬೂದು ಧೂಳು ಬೆರಳು ದಪ್ಪ ಕೂತಿತ್ತು, ಯಾರೂ ಗುಡಿಸುತ್ತಿರಲಿಲ್ಲ. ಒಂದು ಸಂಜೆ ಕಬ್ಬಿಣದ ಆಂಗಲ್ ಉಜ್ಜುವಾಗ ಕಿಡಿ ಆ ಧೂಳಿಗೆ ಬಿತ್ತು. ಬೆಳ್ಳಗೆ ಉರಿಯತೊಡಗಿತು. ಪಕ್ಕದಲ್ಲಿ ನನಗಿಂತ ಚಿಕ್ಕ ಹುಡುಗನೊಬ್ಬ ಗೋಣಿಚೀಲ ಹಿಡಿದು ಬಡಿಯುತ್ತಿದ್ದ. ನಾನು ಬಕೆಟ್ ಎತ್ತಿ ನೀರು ಎರಚಿದೆ. ಉರಿಯುವ ಅಲ್ಯೂಮಿನಿಯಂ ಪುಡಿಗೆ ನೀರು ಬಿದ್ದರೆ ಹೈಡ್ರೋಜನ್ ಹುಟ್ಟುತ್ತದೆ, ಪುಡಿ ಗಾಳಿಗೆ ಹಾರಿ ಒಮ್ಮೆಲೇ ಹೊತ್ತುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಬೆಂಕಿ ಭುಗಿಲೆಂದು ಅವನ ಎರಡೂ ಕೈ ಸುಟ್ಟವು. ವಾರಗಟ್ಟಲೆ ಆಸ್ಪತ್ರೆ. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ರಿಜಿಸ್ಟರಿನಲ್ಲಿ ಅವನ ಹೆಸರೇ ಇರಲಿಲ್ಲವಾದ್ದರಿಂದ ಪರಿಹಾರವೂ ಸಿಗಲಿಲ್ಲ. ಅವನು ನನ್ನನ್ನು ಒಂದು ಮಾತು ಅನ್ನಲಿಲ್ಲ. ಈದ್ ದಿನ ಅಪ್ಪಿಕೊಳ್ಳುವಾಗ ಆ ಕೈ ನನ್ನ ಬೆನ್ನ ಮೇಲೆ ಬರುತ್ತದೆ, ಅಷ್ಟು ಸಾಕು.

ನಮ್ಮದು ಸಣ್ಣ ವರ್ಕ್‌ಶಾಪು. 2014ರ ಆಗಸ್ಟ್ 2ರಂದು ಚೀನಾದ ಕುನ್ಶಾನ್‌ನಲ್ಲಿ ಕಾರಿನ ಅಲ್ಯೂಮಿನಿಯಂ ಚಕ್ರಗಳನ್ನು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇದೇ ಧೂಳು ಸಿಡಿಯಿತು. ಸತ್ತವರ ಸಂಖ್ಯೆ ಕೊನೆಗೆ 146ಕ್ಕೆ ಏರಿತು. ರೈಲು ಹಳಿ ಬೆಸೆಯುವವರನ್ನು ನೀವು ನೋಡಿರಬಹುದು. ಅವರು ಬಳಸುವುದು ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿಯ ಮಿಶ್ರಣ. ಉಕ್ಕನ್ನೇ ಕರಗಿಸುವ ಬೆಂಕಿ ಅದು. ಅದೇ ಎರಡು ಪುಡಿ ನಿಮ್ಮ ಮೇಜಿನ ಹಿಂದೆ ಬೆರೆತು ಕೂತಿರುತ್ತವೆ.

ಹಾಗಾಗಿ ಕೆಲಸಕ್ಕೆ ಸೇರುವ ದಿನ ಸಂಬಳ ಕೇಳುವ ಮುಂಚೆ ನಾಲ್ಕು ಕಡೆ ಕಣ್ಣು ಹಾಯಿಸಿ. ಅಲ್ಯೂಮಿನಿಯಂಗೆ ಬೇರೆ ಮಷೀನು ಇದೆಯೇ, ಧೂಳನ್ನು ದಿನಾ ಗುಡಿಸುತ್ತಾರೆಯೇ, ಮೂಲೆಯಲ್ಲಿ ಒಣ ಮರಳಿನ ಬಕೆಟ್ ಇದೆಯೇ, ನಿಮ್ಮ ಹೆಸರು ರಿಜಿಸ್ಟರಿಗೆ ಏರುತ್ತದೆಯೇ. ಮೂಗಿಗೆ ಕರ್ಚೀಫ್ ಸಾಲದು, ಧೂಳಿನ ಮಾಸ್ಕ್ ಬೇಕು. ತಿರುಗುವ ಚಕ್ರದ ಮುಂದೆ ಸಡಿಲ ತೋಳು, ಕೊರಳ ವಸ್ತ್ರ, ಬಟ್ಟೆಯ ಕೈಚೀಲ ಬೇಡ. ತುಂಡನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ. ಮೇಲಂಚು ಸಿಕ್ಕಿದರೆ ಚಕ್ರ ಅದನ್ನು ನಿಮ್ಮ ಹೊಟ್ಟೆಗೇ ಎಸೆಯುತ್ತದೆ.

ತುಂಡುಗಳು ಹಿಂದಿನ ಸಾಲಿಗೆ ತಲುಪಿದಂತಿದೆ. ಎರಡನೆಯದರಲ್ಲಿ ಸುರುಳಿ ಗೀರು ಎಲ್ಲರಿಗೂ ಕಂಡಿರಬೇಕು. ಮೂರನೆಯದರಲ್ಲೂ 220ರ ಒಂದೇ ಒಂದು ಗೀರು ಬೇಕೆಂದೇ ಬಿಟ್ಟಿದ್ದೇನೆ. ಕಂಡವರು ಊಟಕ್ಕೆ ಮುಂಚೆ ಬಂದು ಬೆರಳಿಟ್ಟು ತೋರಿಸಿ.